ಬಿಬಿಜಮಾಲ್ ಉಸ್ತಾಜರ ಹೆಸರಿಗೆ ಅಂಟಿದ ನನ್ನ ತಪ್ಪು

ಅಮುದರಿಯಾ ನದಿ ದಂಡೆಯ ಜ್ಯೇಷ್ಠಮಧುವಿನ ಬೇರು ಕೀಲುಗಳ ಉರಿಯೂತವನ್ನು ಎಷ್ಟು ಇಳಿಸುತ್ತದೆ, ಎಲ್ಲಿ ಇಳಿಸುವುದಿಲ್ಲ ಎಂಬುದನ್ನು ಮೂವತ್ತೆಂಟು ವರ್ಷ ಪಟ್ಟುಹಿಡಿದು ಪರೀಕ್ಷಿಸಿದ ವಿದುಷಿ ಬಿಬಿಜಮಾಲ್ ಉತೆಗೆನೋವಾ ಅವರು ಕರಕಲ್ಪಾಕ್ ನಾಡಿನ ನಮ್ಮ ಪುಟ್ಟ ಸಂಸ್ಥೆಯಿಂದ ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ. ‘ಇಳಿಸುವುದಿಲ್ಲ’ ಎಂದು ಬರೆಯುವ ಎದೆಗಾರಿಕೆ ನಮ್ಮಲ್ಲಿ ಅವರೊಬ್ಬರಿಗೇ ಇತ್ತು.

ನಾನು ಶಿಷ್ಯನಾಗಿ ಸೇರಿದ ಮೊದಲ ಚಳಿಗಾಲದಲ್ಲಿ ನನ್ನ ಹಾಸ್ಟೆಲಿಗೆ ಬಿಸಿ ಮೀನಿನ ಸಾರು ಕಳಿಸಿದವರು ಅವರು, ನಮ್ಮೆಲ್ಲರ ಉಸ್ತಾಜ್, ಅಂದರೆ ಗುರುಗಳು. ತಕ್ಕಡಿಯ ಬಟ್ಟಲು ಒರೆಸದೆ ಇಟ್ಟ ದಿನ ಕಣ್ಣಲ್ಲಿ ನೀರು ಬರುವಂತೆ ಬೈದವರೂ ಅವರೇ.

ಇಲಿಯ ಪಾದ ಊದುವಂತೆ ಮಾಡಿ, ಮದ್ದು ಕೊಟ್ಟು, ಆ ಪಾದವನ್ನು ನೀರಿನ ಕೊಳವೆಯಲ್ಲಿ ಅದ್ದಿ, ನೀರು ಏರಿದ ಗೆರೆ ಓದುವುದು ನಮ್ಮ ಕೆಲಸ. ಊತ ಹೆಚ್ಚಿದ್ದಷ್ಟೂ ಗೆರೆ ಮೇಲಿರುತ್ತದೆ. ಯಾವ ಇಲಿಗೆ ಮದ್ದು, ಯಾವುದಕ್ಕೆ ಬರೀ ನೀರು ಎಂಬ ಗುರುತು ಬಾಲಕ್ಕೆ ಬಳಿದ ಬಣ್ಣದಲ್ಲಿರುತ್ತದೆ. ಗೆರೆ ಓದುವವನಿಗೆ ಅದು ಕಾಣಬಾರದೆಂದು ಬಾಲಕ್ಕೆ ಬಟ್ಟೆ ಸುತ್ತಬೇಕೆಂಬುದು ಉಸ್ತಾಜರ ಕಟ್ಟಪ್ಪಣೆ. ಹನ್ನೊಂದು ವರ್ಷದ ಹಿಂದೆ, ಹೊಸ ವರ್ಷದ ನವ್ರೂಜ್ ಹಬ್ಬದ ಸಭೆಯಲ್ಲಿ ಅವರು ಫಲಿತಾಂಶ ಓದಬೇಕಿತ್ತು. ಅತಿಥಿಗಳ ಮುಂದೆ ಉಸ್ತಾಜರ ಮಾತು ಸಣ್ಣದಾಗುವುದನ್ನು ನಮ್ಮವರಾರೂ ಸಹಿಸುವುದಿಲ್ಲ. ನಾನು ಬಟ್ಟೆ ಸರಿಸಿ ನೋಡಿದೆ. ಮದ್ದು ಕುಡಿದ ಇಲಿಗಳಿಗೆಲ್ಲ ಗೆರೆ ಒಂದಿಷ್ಟು ಕೆಳಗೇ ಬರೆದೆ. ಪ್ರಬಂಧ ಅಚ್ಚಾಯಿತು, ಚಪ್ಪಾಳೆಯೂ ಬಿತ್ತು.

ಎರಡು ತಿಂಗಳ ನಂತರ ಅವರೇ ಮತ್ತೆ ನಲವತ್ತು ಇಲಿಗಳನ್ನು ಅಳೆದಾಗ ಪರಿಣಾಮ ಅರ್ಧಕ್ಕಿಳಿಯಿತು. ನನ್ನನ್ನು ಕರೆದರು.

“ಬಾಲ ನೋಡಿದ್ಯೇನೋ, ಸಾಪರ್?”

“ನೋಡ್ದೆ, ಉಸ್ತಾಜ್. ನಿಮಗೋಸ್ಕರ.”

“ನನಗೋಸ್ಕರ ನೀನು ಸುಳ್ಳು ಬರೀತೀಯ. ಮಂಡಿ ಹಿಡ್ಕೊಂಡು ನರಳೋ ಮುದುಕಿ ಅದನ್ನ ಯಾರಿಗೋಸ್ಕರ ನುಂಗಬೇಕಪ್ಪಾ?”

ಮರುದಿನವೇ ಪ್ರಬಂಧ ಹಿಂತೆಗೆದುಕೊಂಡರು. ‘ನನ್ನ ಪ್ರಯೋಗಾಲಯದ ಲೋಪಕ್ಕೆ ನಾನೇ ಹೊಣೆ’ ಎಂಬ ಪತ್ರದಲ್ಲಿ ನನ್ನ ಹೆಸರಿರಲಿಲ್ಲ. ಬಾಯಿಬಿಟ್ಟರೆ ಜಾಗ್ರತೆ ಎಂದು ನನ್ನನ್ನು ಗದರಿಸಿದ್ದೂ ಉಂಟು. ನನಗೆ ಆಗ ಇಪ್ಪತ್ತಾರು. ಹೊಂಚು ಹಾಕಿ ಕೂತಿದ್ದ ಸಂಸ್ಥೆಯ ನಿರ್ದೇಶಕರು ಅವರ ಪ್ರಯೋಗಾಲಯ ಕಿತ್ತುಕೊಂಡು, ಬೇರು ಒಣಗಿಸುವ ಕೊಠಡಿಗೆ ದೂಡಿದರು. ಅವರು ಅಲ್ಲೇ ಕೂತು ಕೆಲಸ ಮುಂದುವರಿಸಿದರು. ಹೇಡಿಯಾದ ನಾನು ಡಾಕ್ಟರೇಟ್ ಪಡೆದು, ಕಾಲಕ್ರಮದಲ್ಲಿ ಅದೇ ಪ್ರಯೋಗಾಲಯದ ಮುಖ್ಯಸ್ಥನ ಕುರ್ಚಿಯಲ್ಲಿ ಕೂತೆ.

ಉಸ್ತಾಜರ ನಿವೃತ್ತಿಗೆಂದು ತರುತ್ತಿರುವ ಇದೇ ಅಭಿನಂದನಾ ಸಂಪುಟದ ಮೂರು ಲೇಖನಗಳು ಅವರ ‘ಆ ಒಂದು ದುರದೃಷ್ಟಕರ ಅಜಾಗರೂಕತೆ’ಯನ್ನು ಜೇನಿನಲ್ಲಿ ಅದ್ದಿ ಬಡಿಸಿವೆ. ಓದಿ ನನಗೆ ಮೈ ಉರಿಯಿತು. ಬೀಳ್ಕೊಡುಗೆ ಸಮಾರಂಭದಲ್ಲಿ ಉಸ್ತಾಜರ ಹೆಗಲಿಗೆ ಗೌರವದ ಚಪಾನ್ ನಿಲುವಂಗಿ ಹೊದಿಸಲಿರುವವರೂ ಆ ನಿರ್ದೇಶಕರೇ! ನನ್ನ ಲೇಖನದಿಂದ ಈ ಪ್ರಸಂಗ ತೆಗೆಯಿರೆಂದು ನಿರ್ದೇಶಕರು ಹೇಳಿಕಳಿಸಿದ್ದಾರೆ. ತೆಗೆಯುವುದಿಲ್ಲ. ಅವರ ಮೇಲಿನ ಸಿಟ್ಟಿಗಿಂತ ಹತ್ತು ಪಟ್ಟು ಸಿಟ್ಟು ನನಗೆ ನನ್ನ ಮೇಲಿದೆ. ಹನ್ನೊಂದು ವರ್ಷ ಊರು ಉಸ್ತಾಜರ ಬಗ್ಗೆ ಆಡಿಕೊಂಡದ್ದನ್ನೆಲ್ಲ ನಾನು ಅನ್ನ ತಿನ್ನುತ್ತಾ ಕೇಳಿಸಿಕೊಂಡಿದ್ದೇನೆ.

ಉಸ್ತಾಜ್, ತಮಗೆ ದೀರ್ಘಾಯುಸ್ಸೂ ಗಟ್ಟಿ ಮಂಡಿಗಳೂ ಇರಲಿ. ಅರ್ಧಕ್ಕೆ ನಿಂತಿರುವ, ಅದೇ ಬೇರಿನ ಮುಲಾಮಿನ ಪರೀಕ್ಷೆ ತಮ್ಮ ಕೈಯಲ್ಲೇ ಪೂರ್ಣಗೊಳ್ಳಲಿ. ಈ ಲೇಖನದೊಂದಿಗೆ ನನ್ನ ರಾಜೀನಾಮೆಯನ್ನೂ ಸಂಸ್ಥೆಗೆ ಕೊಟ್ಟಿದ್ದೇನೆ. ಆ ಪರೀಕ್ಷೆಗೆ ಗೆರೆ ಓದುವ ಆಳು ಬೇಕಾದರೆ ಹೇಳಿ ಕಳಿಸಿ. ಬಾಲದ ಬಟ್ಟೆಯನ್ನು ಮಾತ್ರ ಬೇರೆಯವರ ಕೈಯಲ್ಲಿ ಸುತ್ತಿಸಿ.