ಎಡಗೈ ರೊಟ್ಟಿ

ಮೊನ್ನೆ ಬೆಳಿಗ್ಗೆ ತವೆಯ ಮೇಲೆ ಜೋಳದ ರೊಟ್ಟಿ ಸೀದುಹೋಯಿತು. ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ನೋಡಲು ಹೋಗಿದ್ದೆ, ಹಾಕಿತ್ತು. ಒಬ್ಬನೇ ಇರುವವನ ಮನೆಗೆ ಕಳ್ಳನಾದರೂ ಯಾಕೆ ಬಂದಾನು... ಮರಳಿ ಬರುವಷ್ಟರಲ್ಲಿ ಮನೆಯೆಲ್ಲ ಸುಟ್ಟ ಹಿಟ್ಟಿನ ವಾಸನೆ. ಆ ವಾಸನೆಯಲ್ಲಿ ಪಕ್ಕದ ಮನೆಯ ಕಾಕಾ ನೆನಪಾದರು.

ಕಾಚಿಗೂಡದ ಈ ಓಣಿಯಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರ ಹೆಂಡತಿ ಕಾಕು ತೀರಿಕೊಂಡ ಮೇಲೆ ಕಾಕಾ ಹಳೆಯದೊಂದು ಕಂಪ್ಯೂಟರ್ ತಂದರು. ಚಿತ್ರ ಬಿಡಿಸಲು! ಕ್ಯಾಮೆರಾ ಕಂಡರೆ ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಗೋಡೆಗೆ ಹಾಕಲು ಒಂದೂ ಫೋಟೊ ಇರಲಿಲ್ಲ. ಕಾಕಾನಿಗೆ ಕೈನಡುಕ. ಕಾಗದ ಹಾಳಾಗುತ್ತಿತ್ತು, ಪರದೆಯ ಮೇಲಾದರೆ ತಪ್ಪಿದ ಗೆರೆ ಅಳಿಸಬಹುದು. ಅವರಿಗೆಲ್ಲಿ ಶಾಕ್ ಹೊಡೆದೀತೋ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ತಿಂಗಳುಗಟ್ಟಲೆ ಮೌಸ್ ಎಳೆದೆಳೆದು ಒಂದು ಚಿತ್ರವಾಯಿತು. ಒಲೆಯ ಮುಂದೆ ಕೂತ ಹೆಂಗಸಿನ ಬೆನ್ನು, ತುರುಬು, ರೊಟ್ಟಿ ಬಡಿಯುವ ಕೈ. ಬಳೆಗಳು ಮಾತ್ರ ಗುಂಡಗಾಗದೆ ಮೆಟ್ಟಿಲು ಮೆಟ್ಟಿಲಾಗಿದ್ದವು.

"ಹೆಂಗ ಐತೋ?"

"ಚಲೋ ಐತ್ರಿ ಕಾಕಾ. ಆದ್ರ ಕೈ ತಪ್ಪೇತಿ ನೋಡ್ರಿ, ಎಡಗೈ ಆಗೇತಿ. ಕಾಕು ಬಲಗೈಲೆ ಬಡೀತಿದ್ರಲ್ರಿ."

ಕಾಕಾ ನಕ್ಕರು. "ಅದು ನೀ ಬಂದಾಗೋ ಶಾಣ್ಯಾ! ಆಕಿ ಎಡಚಿ. ನಮ್ಮವ್ವ ಬೈದು ಬೈದು ಮಂದಿ ಮುಂದ ಬಲಗೈ ರೂಢಿ ಮಾಡಿಸಿದ್ಲು. ನಾ ಒಬ್ನೇ ಇದ್ರ ಎಡಗೈ. ಆ ರೊಟ್ಟಿ ಭಾಳ ತೆಳ್ಳಗ ಆಗ್ತಿತ್ತು."

ಅಂದರೆ ನಾನು ಅಷ್ಟು ವರ್ಷ ಹೊಗಳಿ ಹೊಗಳಿ ತಿಂದದ್ದು ದಪ್ಪ ರೊಟ್ಟಿಯನ್ನೇ.

ಈಗ ಕಾಕಾ ಇಲ್ಲ. ಕಂಪ್ಯೂಟರ್ ಗುಜರಿಗೆ ಹೋಯಿತು, ಚಿತ್ರವೂ ಅದರೊಳಗೇ... ಸೀದ ರೊಟ್ಟಿ ತಿಂದು, ನನ್ನ ಫೋನಿನಲ್ಲಿರುವ, ಹೇಳಿದ್ದನ್ನು ಚಿತ್ರ ಬಿಡಿಸಿಕೊಡುವ ಎಐಗೆ ಎಲ್ಲ ವಿವರಿಸಿದೆ: ಒಲೆ, ಬೆನ್ನು, ತುರುಬು, ಎಡಗೈ. ಚಹಾ ಕುದಿಯುವುದರೊಳಗೆ ಬಿಡಿಸಿಕೊಟ್ಟಿತು. ಗುಂಡನೆಯ ಬಳೆಗಳು, ಕೈಯ ಮೇಲೆ ಬೆಂಕಿಯ ಬೆಳಕು. ಯಾರಾದರೂ ದೊಡ್ಡ ಕಲೆ ಎಂದಾರು. ಒಂದು ಗಳಿಗೆ ನಾನೂ ಅಂದುಕೊಂಡೆ. ಆದರೆ ಕಾಕಾ ಬಿಡಿಸಿದ ಕಾಕುವಿಗೆ ಹಿಂದೆ ನಿಂತವರು ಯಾರೆಂದು ಗೊತ್ತಿತ್ತು; ಅದಕ್ಕೇ ತಿರುಗಿ ನೋಡದೆ ಎಡಗೈಯಲ್ಲೇ ಬಡಿಯುತ್ತಿದ್ದರು. ಈ ಹೆಂಗಸಿಗೆ ನಾನು ಯಾರೋ.

ಇದು ಕಾಕು ಹೌದೋ ಅಲ್ಲವೋ ಕೇಳೋಣವೆಂದರೆ ಗೋಡೆಯಾಚೆ ಈಗ ಬೇರೆಯವರಿದ್ದಾರೆ. ಅವರು ಕಾಕುವನ್ನು ಕಂಡವರಲ್ಲ. ನನಗೆ 'ಕೈ ತಪ್ಪೇತಿ' ಎನ್ನುವವರು ಒಬ್ಬರೂ ಉಳಿದಿಲ್ಲ.

ಫೋನ್ ಮಗುಚಿಟ್ಟು ಚಿಲಕ ಇನ್ನೊಮ್ಮೆ ನೋಡಿ ಬಂದೆ. ಹಾಕಿಯೇ ಇತ್ತು.