ಅಮೀನಾಬಿಯ ಹಿತ್ತಲಿಗೆ ಈ ಸಲ ಬಾರದ ನೆಲಸಂಪಿಗೆ

ಬೆಳಗಿನ ಐದೂವರೆ. ಯಲ್ಲಾಪುರ ಪೇಟೆಯಂಚಿನ ಹಿತ್ತಲೊಂದರಲ್ಲಿ ಅಮೀನಾಬಿ ಆಗಲೇ ಮೊಗೆಕಾಯಿ ಬಳ್ಳಿಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ತೆಳು ಬಟ್ಟೆಯ ಗಂಟು, ಅದರೊಳಗೆ ಒಲೆಯ ಬೂದಿ. ಇಬ್ಬನಿ ಆರುವ ಮುಂಚೆ ಎಲೆಯ ಮೇಲೆ ಗಂಟನ್ನು ಮೆಲ್ಲಗೆ ತಟ್ಟಿದರೆ ಬೂದಿ ಅಂಟಿ ಕೂರುತ್ತದೆ, ಎಲೆ ತಿನ್ನುವ ಹುಳ ಹತ್ತಿರ ಸುಳಿಯುವುದಿಲ್ಲ. ಬಿಸಿಲು ಬಂದ ಮೇಲೆ ತಟ್ಟಿದರೆ ಎಲ್ಲ ಗಾಳಿಪಾಲು.

ಪತ್ರಿಕೆಗೆ ಬರೆಯಲೆಂದು ಬಂದ ನಾನು ಮೊದಲೇ ಹೇಳಿಬಿಡುತ್ತೇನೆ, ಈ ಹಿತ್ತಲನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಶಿರಸಿಯ ನಮ್ಮ ಅಂಗಳದಲ್ಲಿ ನರ್ಸರಿಯಿಂದ ತಂದ ಗಿಡಗಳು ಹೆಸರಿನ ಚೀಟಿ ಕಟ್ಟಿಕೊಂಡೇ ಒಣಗಿ ನಿಂತಿವೆ. ಇಲ್ಲಿ ನೋಡಿದರೆ ಬಸಳೆ ಚಪ್ಪರ ಹತ್ತಿದೆ, ಬೆಂಡೆ ಎದೆಯೆತ್ತರ ಬೆಳೆದಿದೆ, ಬೇಲಿಯಲ್ಲಿ ಗುಡ್ಡೆ ದಾಸವಾಳ ಕೆಂಪು ಗೊಂಚಲು ಬಿಟ್ಟಿದೆ, ಪೇರಲೆ ಕೊಂಬೆಗೆ ಕಟ್ಟಿದ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಮೊಗ್ಗು ಕಟ್ಟಿದೆ. ಅಷ್ಟೂ ಎರಡೇ ಗುಂಟೆಯಲ್ಲಿ.

ಗುಟ್ಟೇನೆಂದು ಕೇಳಿದರೆ ನಗುತ್ತಾರೆ. "ಗುಟ್ಟು ಎಂತದ್ರಿ? ಕೊಡ ಎತ್ತೂದು, ಹಾಕೂದು. ನಡ ಗಟ್ಟಿ ಇರೂತನಕ ಗಿಡ ಇರ್ತಾವ."

ಅವರಿಗೀಗ ಅರವತ್ತೆರಡು. ಬೆಳಿಗ್ಗೆ ಇಪ್ಪತ್ತನಾಲ್ಕು ಕೊಡ, ಸಂಜೆ ಇಪ್ಪತ್ತು, ಎಲ್ಲವೂ ಬಾವಿಯಿಂದ ಸೇದಿದ ನೀರು. ಎಂಟು ಗಂಟೆಗೆ ಮೂವತ್ತು ಸೂಡಿ ಸೊಪ್ಪನ್ನು ಬುಟ್ಟಿಯಲ್ಲಿಟ್ಟುಕೊಂಡು ಹದಿನೆಂಟು ಮನೆಗಳ ಬಾಗಿಲಿಗೆ ಹೋಗುತ್ತಾರೆ. ಗಂಡ ಹನೀಫ್ ಲಾರಿ ಓಡಿಸುತ್ತಿದ್ದವರು. ಮೊಣಕಾಲು ಕೈಕೊಟ್ಟು ನಾಲ್ಕು ವರ್ಷವಾಯಿತು. ಅಂದಿನಿಂದ ಮನೆಯ ಒಲೆ ಉರಿಯುವುದು ಈ ಹಿತ್ತಲಿನಿಂದಲೇ.

ಕಾಡಿನ ಹೂಗಳೆಲ್ಲ ಬಂದದ್ದು ಹನೀಫರ ಲಾರಿಯಲ್ಲಿ. ಅರಬೈಲ್ ಘಟ್ಟದಲ್ಲಿ ರಸ್ತೆಗೆಂದು ಅಗೆದು ಬದಿಗೆ ದೂಡಿದ ಮಣ್ಣಿನ ರಾಶಿಯಲ್ಲಿ ಜೀವವಿರುವುದು ಏನು ಕಂಡರೂ ಟವೆಲ್ಲಿನಲ್ಲಿ ಸುತ್ತಿ ತರುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಹಾಗೆ ಬಂದದ್ದು ನೆಲಸಂಪಿಗೆಯ ಗಡ್ಡೆ. ಅದರ ಎಲೆ ಚಳಿಗಾಲಕ್ಕೆ ಒಣಗಿ ಮಾಯವಾಗುತ್ತದೆ, ಮಡಿಯಲ್ಲಿ ಬರೀ ಮಣ್ಣು. ಯುಗಾದಿಯ ಹೊತ್ತಿಗೆ ಎಲೆಯೂ ಇಲ್ಲದೆ ಕಾಂಡವೂ ಇಲ್ಲದೆ ನೇರಳೆ-ಬಿಳಿಯ ಘಮಘಮಿಸುವ ಹೂ ನೆಲದಿಂದಲೇ ಏಳುತ್ತದೆ. ಅಲ್ಲಿಯವರೆಗೆ ಆ ಮಡಿಯನ್ನು ಮುಟ್ಟಬಾರದು, ನೀರೂ ಹಾಕಬಾರದು.

ಈ ವರ್ಷ ಹೂ ಬಂದಿಲ್ಲ. ಫೆಬ್ರುವರಿಯಲ್ಲಿ ಅಮೀನಾಬಿ ನಾಲ್ಕು ದಿನ ತಂಗಿಯ ಮನೆಗೆ ಹೋಗಿದ್ದಾಗ, ಹೆಂಡತಿಗೆ ಖುಷಿಯಾಗಲೆಂದು ಹನೀಫ್ ಆ ಖಾಲಿ ಮಡಿಯನ್ನು ಅಗೆದು ಹರಿವೆ ಬಿತ್ತಿದರು. ಸಿಕ್ಕ ಗಡ್ಡೆಗಳನ್ನೆಲ್ಲ ಕಳೆಯ ಬೇರೆಂದುಕೊಂಡು ಆರಿಸಿ ಬಚ್ಚಲೊಲೆಗೆ ಹಾಕಿದರು. ಹರಿವೆಯಂತೂ ಹಿಂದೆಂದೂ ಕಾಣದಷ್ಟು ಹುಲುಸಾಗಿ ಬಂದಿದೆ.

"ತಂದವನೂ ನಾನೇ, ಸುಟ್ಟವನೂ ನಾನೇ," ಎನ್ನುತ್ತಾರೆ ಮೆಟ್ಟಿಲ ಮೇಲೆ ಕೂತ ಹನೀಫ್. "ಬೈದಿದ್ರ ಚೊಲೊ ಇತ್ತು. ಬೈಲಿಲ್ಲ. ಎಂಟು ದಿನ ನನ್ನ ಚಾದಾಗ ಸಕ್ಕರಿ ಹಾಕ್ಲಿಲ್ಲ."

ಅದಕ್ಕಿಂತ ದೊಡ್ಡ ಸಂಕಟ ಹಿಂದಿನ ಓಣಿಯಲ್ಲಿದೆ. ಅಲ್ಲಿ ನಿವೃತ್ತ ಶಿಕ್ಷಕಿ ಪರಿಮಳಾ ಹೆಗಡೆಯವರ ಮನೆ. ಐದು ವರ್ಷದ ಹಿಂದೆ ಅಮೀನಾಬಿಯ ಮಡಿಯಿಂದ ಹೋದ ಒಂದೇ ಒಂದು ಗಡ್ಡೆ ಅಲ್ಲೀಗ ಹಿಂಡಾಗಿದೆ. ಹೋಯಿತು ಎಂದರೆ ಕಳುವಾಗಿ ಹೋಯಿತು. ಕೇಳಿ ತಂದ ಗಿಡ ಬೇರು ಹಿಡಿಯುವುದಿಲ್ಲ, ಕದ್ದು ತಂದದ್ದೇ ಹಿಡಿಯುತ್ತದೆ ಎಂಬುದು ಈ ಓಣಿಗಳ ಹೆಂಗಸರ ನಂಬಿಕೆ. ಅದಕ್ಕೊಂದು ರೀತಿಯೂ ಇದೆ. ಬೇಕಾದವರು ಬಂದು ಗಿಡವನ್ನು ಬಾಯ್ತುಂಬ ಹೊಗಳಬೇಕು. ಆಗ ಮನೆಯೊಡತಿ ಕದಿಯಲು ಬಿಟ್ಟು ಏನಾದರೂ ನೆಪ ಹೇಳಿ ಒಳಗೆ ಹೋಗುತ್ತಾಳೆ.

ಆ ಹೊಗಳಿಕೆಯೇ ಅಮೀನಾಬಿಯ ಬಾಯಿಗೆ ಬರುತ್ತಿಲ್ಲ. ಹೊಗಳದಿದ್ದರೆ ನೆಲಸಂಪಿಗೆ ಈ ಹಿತ್ತಲಿಗೆ ಮರಳುವುದೂ ಇಲ್ಲ. "ನಮ್ಮಲ್ಲಿ ಒಂದು ದಿನಕ್ಕ ಏಳರ ಮ್ಯಾಲೆ ಎಂದೂ ಹೂ ಬಂದಿಲ್ರಿ. ನಿನ್ನೆ ಅಲ್ಲಿ ಹನ್ನೊಂದು! ದಿನಾ ಸೊಪ್ಪು ಕೊಡಾಕ ಹೋಗ್ತೀನಿ, ಎಣಸ್ತೀನಿ, ಸುಮ್ಮನ ಬರ್ತೀನಿ. ಮೈಯೆಲ್ಲಾ ಉರೀತೈತಿ," ಎನ್ನುತ್ತಾರೆ.

ಈ ಉರಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬುಟ್ಟಿ ಹೊತ್ತು ಹೊರಟವರ ಹಿಂದೆ ನಾನೂ ಹೋಗುತ್ತೇನೆ.

ಪರಿಮಳಾ ಅಂಗಳದಲ್ಲೇ ಇದ್ದಾರೆ. ನಾನು ಶಿರಸಿಯ ಕಡೆಯವಳೆಂದು ತಿಳಿದದ್ದೇ ಹವ್ಯಕರ ಮಾತಿಗೆ ಹೊರಳಿ, "ಆನು ಎಂತ ಆರೈಕೆನೂ ಮಾಡಿದ್ದಿಲ್ಲೆ ನೋಡು. ಅದರಷ್ಟಕ್ಕೇ ಬಂಜು," ಎಂದು, ಗಿಡ ತಾನಾಗಿಯೇ ಬಂದದ್ದೆಂಬಂತೆ, ಅಮೀನಾಬಿಗೂ ಕೇಳುವಷ್ಟು ಜೋರಾಗಿ ಹೇಳುತ್ತಾರೆ. ಬರಿಮಣ್ಣಿನಲ್ಲಿ ಹೂಗಳು ಅರಳಿ ಕೂತಿವೆ. ಇಂದು ಒಂಬತ್ತು.

ಅಮೀನಾಬಿ ಬುಟ್ಟಿ ಇಳಿಸುತ್ತಾರೆ. ಸೊಪ್ಪಿನ ಸೂಡಿ ಕೊಡುತ್ತಾರೆ. ಬುಟ್ಟಿಯನ್ನು ಮತ್ತೆ ಎತ್ತಿಕೊಳ್ಳುತ್ತಾರೆ, ಮತ್ತೆ ಇಳಿಸುತ್ತಾರೆ.

"ಚೊಲೊ ಬಂದಾವ್ರಿ ಅಕ್ಕಾರ," ಎನ್ನುತ್ತಾರೆ ಕೊನೆಗೆ. "ನಮ್ಮಲ್ಲಿ ಬರೂದ್ಕಿಂತ ಚೊಲೊ."

ಪರಿಮಳಾ ಅವರ ಮುಖ ಮೆತ್ತಗಾಗುತ್ತದೆ. "ಒಲೆ ಮೇಲೆ ಹಾಲಿಟ್ಟು ಬಂದಿದ್ದೆ ಅಮೀನಕ್ಕ, ಉಕ್ಕಿ ಹೋಗ್ತದೆ. ನಾ ಒಳಗೆ ಹೋಗ್ತೆ," ಎಂದು ಬಾಗಿಲು ಎಳೆದುಕೊಳ್ಳುತ್ತಾರೆ.

ಅಮೀನಾಬಿ ಮಡಿಯ ಬಳಿ ಕೂರುತ್ತಾರೆ. ಎರಡು ಬೆರಳಿನಿಂದ ಮಣ್ಣನ್ನು ಒತ್ತಿ ನೋಡಿ ಕೈ ಹಿಂದೆಗೆಯುತ್ತಾರೆ. ಅರಿವೆ ಒಗೆಯುವ ಕಲ್ಲಿನಿಂದ ಸೋಪಿನ ನೀರು ಮಡಿಯತ್ತ ಹರಿದು ಬರುತ್ತಿದೆ. "ಇದು ಹಿಂಗ ಹರಿದ್ರ ಎಲ್ಲಾ ಕೊಳೀತಾವ. ನೋಡ್ಕೊಳ್ಳಾಕ ಬರೂದಿಲ್ಲ, ಹನ್ನೊಂದು ಹೂವು ಮಾತ್ರ ಬೇಕು," ಎಂದು ಗೊಣಗುತ್ತಲೇ ಬರಿಗೈಯಲ್ಲಿ ಮಣ್ಣು ಬಗೆದು ನೀರಿಗೆ ಬೇರೆ ದಾರಿ ಮಾಡುತ್ತಾರೆ, ಮಡಿಯ ಸುತ್ತ ಸಣ್ಣ ಒಡ್ಡು ಕಟ್ಟುತ್ತಾರೆ.

ಗಡ್ಡೆಯನ್ನು ಮಾತ್ರ ಕೀಳುವುದಿಲ್ಲ. "ಹೂ ಇದ್ದಾಗ ಕಿತ್ರ ಇಲ್ಲೀದೂ ಹೋಗ್ತೈತಿ, ನಂದೂ ಹೋಗ್ತೈತಿ. ಎಲಿ ಒಣಗಿದ ಮ್ಯಾಲೆ, ಚಳಿಗಾಲದಾಗ ಬಂದು ಕದೀತೀನಿ."

ಪತ್ರಿಕೆಗೆ ಚಿತ್ರ ಬೇಕಲ್ಲವೇ? ಆ ಹೂಗಳತ್ತ ನಾನು ಮೊಬೈಲ್ ಹಿಡಿಯುತ್ತೇನೆ. ಅಮೀನಾಬಿ ಮಣ್ಣು ಮೆತ್ತಿದ ಅಂಗೈಯನ್ನು ಅಡ್ಡ ತರುತ್ತಾರೆ.

"ಬ್ಯಾಡ್ರಿ. ಪೇಪರಿನಾಗ ಇವರ ಮನಿ ಹೂವು ಬರೂದು ಬ್ಯಾಡ. ಬರೂ ಯುಗಾದಿಗೆ ನಮ್ಮ ಹಿತ್ತಲಕ್ಕ ಬರ್ರಿ. ಹನ್ನೆರಡು ತೋರಸ್ತೀನಿ."