ಆಂಡಾಳಮ್ಮನ ಕೆಂಪು ಪೆನ್ಸಿಲ್ಲು

ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯ ರೆಕಾರ್ಡು ರೂಮಿನಲ್ಲಿ ಎಂಟುನೂರು ಕಡತದ ಕಟ್ಟುಗಳಿದ್ದವು. ಅವುಗಳ ಯಜಮಾನಿ ಗುಮಾಸ್ತೆ ಆಂಡಾಳಮ್ಮ. ಕಟ್ಟು ಬಿಚ್ಚಿದಾಗಲೆಲ್ಲ ಅದರಲ್ಲಿ ಬರುವ ಮುಖ್ಯ ಪದಗಳನ್ನು ಅಕಾರಾದಿಯಾಗಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದು, ಮುಂದೆ ಕಟ್ಟಿನ ನಂಬರು, ಪುಟದ ನಂಬರು ಹಾಕುತ್ತಿದ್ದಳು. ಆರು ವರ್ಷ ಹೀಗೆ ಬರೆದಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

೧೯೭೪ರ ಒಂದು ಬೆಳಿಗ್ಗೆ ಬಂಡೂರಿನ ಕರಿಸಿದ್ದಯ್ಯ ಬಂದ.

"ಅಮ್ಮೋರೇ, ನಮ್ ತಾತನ ಕಾಲ್ದಲ್ಲಿ ಊರ್ ಮುಂದ್ಲ ಬೋರೆ ದಿಣ್ಣೆನ ಕುರಿ ಮೇಯ್ಸಕೆ ಅಂತ ಬುಟ್ಟಿದ್ರಂತೆ. ಈಗ ಯಾರೋ ಅಲ್ಲಿ ಇಟ್ಟಿಗೆ ಗೂಡು ಆಕ್ತೀವಿ ಅಂತಾವ್ರೆ. ಕಾಗ್ದ ಇಲ್ಲೇ ಇರ್ಬೇಕು, ವಸಿ ನೋಡಿ."

ಆಂಡಾಳಮ್ಮ ನೋಟ್‌ಬುಕ್ಕು ತೆರೆದಳು. 'ಕುರಿ' ಮೂರೇ ಕಟ್ಟುಗಳಲ್ಲಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಕಾಗದ ಹೊರಗೆ ಹೋಗಬೇಕಾದರೆ ಹೊಸ ಶಿರಸ್ತೇದಾರ ಸಂಪತ್ ಕುಮಾರರ ಅಪ್ಪಣೆ ಬೇಕಿತ್ತು. ಅವರು ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟರು.

"ಇದೇನು, ಮನೆ ಸಾಮಾನಿನ ಚೀಟಿಯೇ? ಎಲ್ಲ ಕಡತಗಳನ್ನೂ ತೆಗೆಯಿರಿ. ಕುರಿ ಅಂತ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು ನನ್ನ ಮೇಜಿಗೆ ತನ್ನಿ."

"ತಾವು ಓದುವ ಹಾಳೆಗಳಿಗೆ ಮಾತ್ರ ಗೆರೆ ಎಳೆದರೆ ಸಾಲದೇ ಸಾರ್?"

"ಹೇಳಿದಷ್ಟು ಮಾಡಿ!"

"ಹಾಗಾದರೆ ಬರೆದು ಕೊಡಿ ಸಾರ್."

ಅವರು ಬರೆದೇ ಕೊಟ್ಟರು: 'ಕುರಿ ಎಂಬ ಎರಡಕ್ಷರ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯತಕ್ಕದ್ದು.' ಆ 'ಎರಡಕ್ಷರ' ನೋಡಿ ಆಂಡಾಳಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಹೊರಬಂದಳು.

ಮೊದಲು ಕರಿಸಿದ್ದಯ್ಯನಿಗೆ ಬೇಕಾದ ಮೂರು ಹಾಳೆ ಹುಡುಕಿ ತನ್ನ ಮೇಜಿನ ಡ್ರಾಯರಿನಲ್ಲಿಟ್ಟಳು. ಬಡಪಾಯಿಯ ಕೆಲಸ ಕೆಡಬಾರದಲ್ಲ. ಆಮೇಲೆ ಈಚಿನ ವರ್ಷಗಳ ಕಟ್ಟು ಬಿಚ್ಚಿ ಗೆರೆ ಎಳೆಯಲು ಕೂತಳು. ನಾಲ್ಕು ದಿನಕ್ಕೆ ಎರಡು ಪೆನ್ಸಿಲ್ಲು ಸವೆದವು. ಐದನೆಯ ದಿನ ಜವಾನ ದೇವಯ್ಯ ಆರು ಕಟ್ಟುಗಳನ್ನು ಹೊತ್ತು ತಂದು ಶಿರಸ್ತೇದಾರರ ಮುಂದೆ ಧೊಪ್ಪನೆ ಇಳಿಸಿದ. ಧೂಳಿಗೆ ಅವರು ಮೂರು ಸಲ ಸೀನಿದರು. ಕಾಗದದ ಆಸೆಗೆ ಕರಿಸಿದ್ದಯ್ಯನೂ ಬಂದು ಬಾಗಿಲ ಬಳಿ ನಿಂತಿದ್ದ.

ಹಾಳೆ ಹಾಳೆಯಲ್ಲೂ ಕೆಂಪು. 'ಚಾವಣಿ ಸೋರುತ್ತಿರುವ ಕುರಿತು.' 'ಟೈಪ್‌ರೈಟರ್ ರಿಪೇರಿ ಕುರಿತು.' 'ಜವಾನರಿಗೆ ಛತ್ರಿ ಕೊಡುವುದನ್ನು ಕುರಿತು.'

"ಆಂಡಾಳಮ್ಮ, ಇದರಲ್ಲಿ ಕುರಿ ಎಲ್ಲಿದೆ?"

"ಅಲ್ಲೇ ಇದೆಯಲ್ಲ ಸಾರ್. ಬಾಲಕ್ಕೆ ಒಂದು 'ತು' ಅಂಟಿಕೊಂಡಿದೆ, ಅಷ್ಟೆ."

ಅವರು ಪಟಪಟ ಹಾಳೆ ತಿರುವಿದರು. ಕೊನೆಯ ಕಟ್ಟಿನಲ್ಲಿ ಅವರನ್ನು ಇಲ್ಲಿಗೆ ಕಳಿಸಿದ ಆದೇಶವೇ ಸಿಕ್ಕಿತು: 'ಶ್ರೀ ಸಂಪತ್ ಕುಮಾರ ಇವರ ವರ್ಗಾವಣೆ ಕುರಿತು.' ಅದಕ್ಕೂ ಕೆಂಪು ಗೆರೆ. ದೇವಯ್ಯ ಇಣುಕಿ ನೋಡಿ ಜೋರಾಗಿ ಓದಿಬಿಟ್ಟ.

ಕರಿಸಿದ್ದಯ್ಯ ಅಚ್ಚರಿಯಿಂದ ಕೇಳಿದ: "ಸ್ವಾಮೇರ್ ಎಸ್ರು ಪಕ್ಕದಲ್ಲೂವೆ ಒಂದ್ ಕುರಿ ನಿಂತದಾ?"

ದೇವಯ್ಯ ಕೆಮ್ಮುವ ನೆಪದಲ್ಲಿ ಹೊರಗೋಡಿದ. ಶಿರಸ್ತೇದಾರರ ಕಿವಿ ಕೆಂಪಾಯಿತು. ಆಂಡಾಳಮ್ಮನಿಗೆ ಒಂದು ಗಳಿಗೆ ಅತಿಯಾಯಿತೇನೋ ಅನ್ನಿಸಿತು.

"ಇನ್ನು ಎಷ್ಟು ಕಟ್ಟು ಉಳಿದಿವೆ?" ಎಂದರು ಅವರು, ತಗ್ಗಿದ ದನಿಯಲ್ಲಿ.

"ಏಳುನೂರ ತೊಂಬತ್ತನಾಲ್ಕು ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಂಡಾಳಮ್ಮ ಡ್ರಾಯರಿನಲ್ಲಿಟ್ಟಿದ್ದ ಮೂರು ಹಾಳೆ ತಂದು ಮುಂದಿಟ್ಟಳು. 'ಕುರಿ' ಇದ್ದಲ್ಲಿ ಮಾತ್ರ ತೆಳ್ಳನೆಯ ಗೆರೆ, ಅದರ ಹಿಂದು ಮುಂದಿನ ಎರಡೆರಡು ಸಾಲಿಗೆ ಅಂಚಿನಲ್ಲಿ ಗುರುತು. ಮೂರನೆಯದರಲ್ಲಿ, ಬೋರೆಯನ್ನು ಕುರಿ ಮೇಯಲು ಬಿಟ್ಟ ಹಳೆಯ ಆಜ್ಞೆ ಇತ್ತು. ಶಿರಸ್ತೇದಾರರು ಐದು ನಿಮಿಷದಲ್ಲಿ ಓದಿ ಮುಗಿಸಿ, ನಕಲು ಕೊಡಲು ರುಜು ಹಾಕಿದರು. ಇಟ್ಟಿಗೆ ಗೂಡು ಬೇರೆ ಕಡೆ ಹೋಯಿತು.

ಶಿರಸ್ತೇದಾರರು ಮೂರು ದಿನ ಆಂಡಾಳಮ್ಮನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ರೆಕಾರ್ಡು ರೂಮಿನ ಬಾಗಿಲಲ್ಲಿ ನಿಂತು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ನೋಡಿ, "ನಿಮ್ಮ ಬುಕ್ಕಿನಲ್ಲಿ 'ಸೇತುವೆ' ಇದೆಯೇನಮ್ಮ?" ಎಂದರು.

"ಒಂಬತ್ತು ಇವೆ ಸಾರ್. ಎಲ್ಲವೂ ಬೇಕೋ, ತಾವು ಈಗ ನೋಡುತ್ತಿರುವ ಕಿರುಗಾವಲು ಊರಿನದು ಮಾತ್ರ ಸಾಕೋ?"

"ಸಾಕಮ್ಮ, ಒಂದೇ ಸಾಕು," ಎಂದು ಅವರು ಅಲ್ಲೇ ಸ್ಟೂಲೆಳೆದು ಕೂತರು.